ಪದವಿ ಬೋಧನೆಯೇ ಮುಖ್ಯವಾದ ವಿಶ್ವವಿದ್ಯಾಲಯಕ್ಕೆ ಬಯೋಮೆಡಿಕಲ್ ಎಂಜಿನಿಯರಿಂಗ್ ಅಧ್ಯಾಪಕರ ನೇಮಕಾತಿ: ಹಂತ ಹಂತವಾಗಿ

ಸಂಶೋಧನೆಯೇ ಪ್ರಧಾನವಾದ ದೊಡ್ಡ ವಿಶ್ವವಿದ್ಯಾಲಯದಲ್ಲಿ ಒಬ್ಬ ಅಧ್ಯಾಪಕರ ಆಯ್ಕೆ ಸ್ವಲ್ಪ ಹೆಚ್ಚುಕಡಿಮೆಯಾದರೂ ವಿಭಾಗದ ದಿನನಿತ್ಯದ ಕೆಲಸ ನಿಲ್ಲುವುದಿಲ್ಲ. ಪದವಿ ವಿದ್ಯಾರ್ಥಿಗಳ ಶಿಕ್ಷಣವನ್ನೇ ಮುಖ್ಯವಾಗಿಟ್ಟುಕೊಂಡ ವಿಶ್ವವಿದ್ಯಾಲಯಗಳಲ್ಲಿ ಪರಿಸ್ಥಿತಿ ಬೇರೆ. ಅಲ್ಲಿನ ಬಯೋಮೆಡಿಕಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಸಾಮಾನ್ಯವಾಗಿ ಬೆರಳೆಣಿಕೆಯಷ್ಟು ಅಧ್ಯಾಪಕರಿರುತ್ತಾರೆ. ಹೊಸದಾಗಿ ಬಂದವರು ಮೊದಲ ಸೆಮಿಸ್ಟರಿನಿಂದಲೇ ಎರಡು ಮೂರು ವಿಷಯಗಳನ್ನು ಪಾಠ ಮಾಡಬೇಕು, ಲ್ಯಾಬ್ ನಡೆಸಬೇಕು, ಅಂತಿಮ ವರ್ಷದ ಪ್ರಾಜೆಕ್ಟ್ ತಂಡಗಳಿಗೆ ಮಾರ್ಗದರ್ಶನ ಮಾಡಬೇಕು, ಅದರ ನಡುವೆ ಪಿಎಚ್‌.ಡಿ. ವಿದ್ಯಾರ್ಥಿಗಳ ನೆರವಿಲ್ಲದೆ ತಮ್ಮ ಸಂಶೋಧನೆಯನ್ನೂ ಮುಂದುವರಿಸಬೇಕು.

ಅರ್ಜಿ ಹಾಕುವವರಲ್ಲಿ ಹೆಚ್ಚಿನವರಿಗೆ ಇಂಥ ಕೆಲಸದ ತರಬೇತಿ ಇರುವುದಿಲ್ಲ. ದೊಡ್ಡ ಪ್ರಯೋಗಾಲಯಗಳಲ್ಲಿ ಪಿಎಚ್‌.ಡಿ. ಮುಗಿಸಿ, ಇನ್ನೊಂದು ದೊಡ್ಡ ಪ್ರಯೋಗಾಲಯದಲ್ಲಿ ಪೋಸ್ಟ್‌ಡಾಕ್ (ಪಿಎಚ್‌.ಡಿ. ನಂತರದ ತಾತ್ಕಾಲಿಕ ಸಂಶೋಧಕ) ಆಗಿ ದುಡಿದು, ಪಾಠ ಮಾಡುವುದೆಂದರೆ ಮಾರ್ಗದರ್ಶಕರ ಬದಲಿಗೆ ಒಂದೆರಡು ತರಗತಿ ತೆಗೆದುಕೊಂಡ ಅನುಭವ ಎಂದುಕೊಂಡೇ ಅವರು ಬರುತ್ತಾರೆ. ಅವರ ಪ್ರತಿಭೆಯ ಬಗ್ಗೆ ಸಂದೇಹಪಡಬೇಕಾಗಿಲ್ಲ. ಆ ಪ್ರತಿಭೆ ಇಲ್ಲಿನ ಕೆಲಸಕ್ಕೆ ಒದಗುತ್ತದೆಯೇ ಎಂಬುದನ್ನು ಮಾತ್ರ ಆಯ್ಕೆ ಸಮಿತಿ ಕಂಡುಕೊಳ್ಳಬೇಕು. ದೊಡ್ಡ ವಿಶ್ವವಿದ್ಯಾಲಯಗಳಿಂದ ಎರವಲು ತಂದ ಆಯ್ಕೆಯ ವಿಧಾನದಿಂದ ಅದು ತಿಳಿಯುವುದಿಲ್ಲ, ಏಕೆಂದರೆ ಆ ವಿಧಾನ ಅಳೆಯುವುದೇ ಬೇರೆಯದನ್ನು. ವಿಭಾಗ ಮುಖ್ಯಸ್ಥರು ಮತ್ತು ಆಯ್ಕೆ ಸಮಿತಿಯ ಸದಸ್ಯರನ್ನು ಗಮನದಲ್ಲಿಟ್ಟುಕೊಂಡು, ಜಾಹೀರಾತಿಗೆ ಮೊದಲಿನ ಸಿದ್ಧತೆಯಿಂದ ಹೊಸ ಅಧ್ಯಾಪಕರ ಮೊದಲ ವರ್ಷದವರೆಗೆ ಮಾಡಬೇಕಾದ ಕೆಲಸವನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಹಂತ 1: ಪಠ್ಯಕ್ರಮವನ್ನು ಮುಂದಿಟ್ಟುಕೊಂಡು ಕೂರುವುದು

ಹುದ್ದೆ ಮಂಜೂರಾದ ಕೂಡಲೇ ವಿಭಾಗದ ಸಭೆಯಲ್ಲಿ ಕೇಳಿಬರುವ ಮೊದಲ ಪ್ರಶ್ನೆ ‘ಯಾವ ಕ್ಷೇತ್ರದವರನ್ನು ತೆಗೆದುಕೊಳ್ಳೋಣ’ ಎಂಬುದು. ಬಯೋಮೆಕ್ಯಾನಿಕ್ಸ್‌ನವರು ಬಯೋಮೆಕ್ಯಾನಿಕ್ಸ್ ಎನ್ನುತ್ತಾರೆ, ಇಮೇಜಿಂಗ್‌ನವರು ಇಮೇಜಿಂಗ್ ಎನ್ನುತ್ತಾರೆ. ಈ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಿ, ಮುಂದಿನ ಐದು ವರ್ಷಗಳಲ್ಲಿ ಯಾವ ಯಾವ ವಿಷಯಗಳನ್ನು ಯಾರು ಪಾಠ ಮಾಡುತ್ತಾರೆ ಎಂಬ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ಬರೆಯುವುದು ಒಳ್ಳೆಯದು. ಎಡಕ್ಕೆ ವಿಷಯಗಳು, ಮೇಲೆ ಸೆಮಿಸ್ಟರುಗಳು, ಒಳಗೆ ಹೆಸರುಗಳು. ಖಾಲಿ ಉಳಿದ ಚೌಕಗಳು, ಒಬ್ಬರೇ ಪಾಠ ಮಾಡಬಲ್ಲ ವಿಷಯಗಳು, ನಿವೃತ್ತಿಗೆ ಹತ್ತಿರವಾದವರ ಹೆಸರಿರುವ ಚೌಕಗಳು, ಬೇರೆ ವಿಭಾಗದವರ ಔದಾರ್ಯದಿಂದ ನಡೆಯುತ್ತಿರುವ ವಿಷಯಗಳು, ಇವಿಷ್ಟೂ ಕಣ್ಣಿಗೆ ಬಿದ್ದ ಮೇಲೆ ಚರ್ಚೆಯ ದಾರಿಯೇ ಬದಲಾಗುತ್ತದೆ.

ಈ ಪಟ್ಟಿಯನ್ನು ಮಾನ್ಯತೆಯ ಮಾನದಂಡಗಳ ಜೊತೆಗೂ ಹೋಲಿಸಿ ನೋಡಬೇಕು. ಎಂಜಿನಿಯರಿಂಗ್ ಪದವಿಗಳಿಗೆ ಮಾನ್ಯತೆ ನೀಡುವ, ಅಮೆರಿಕದ ಹೊರಗೂ ಹಲವು ದೇಶಗಳಲ್ಲಿ ಕೆಲಸ ಮಾಡುವ ಎಬೆಟ್ ಸಂಸ್ಥೆಯು ಬಯೋಮೆಡಿಕಲ್ ಪದವಿಗೆ ಪ್ರತ್ಯೇಕ ಮಾನದಂಡವನ್ನಿಟ್ಟಿದೆ. ಎಂಜಿನಿಯರಿಂಗ್ ತತ್ತ್ವಗಳ ಜೊತೆಗೆ ಜೀವವಿಜ್ಞಾನ, ಮಾನವ ಶರೀರಕ್ರಿಯಾಶಾಸ್ತ್ರ, ರಸಾಯನಶಾಸ್ತ್ರ, ಕಲನಶಾಸ್ತ್ರ ಆಧಾರಿತ ಭೌತಶಾಸ್ತ್ರ, ಡಿಫರೆನ್ಶಿಯಲ್ ಸಮೀಕರಣಗಳವರೆಗಿನ ಗಣಿತ ಮತ್ತು ಸಂಖ್ಯಾಶಾಸ್ತ್ರ, ಇವನ್ನು ವಿದ್ಯಾರ್ಥಿ ಬಳಸಲು ಕಲಿಯಬೇಕು. ಜೀವಂತ ಮತ್ತು ನಿರ್ಜೀವ ವ್ಯವಸ್ಥೆಗಳ ನಡುವಿನ ಸಂಬಂಧದಿಂದ ಹುಟ್ಟುವ ಸಮಸ್ಯೆಗಳನ್ನು ಬಿಡಿಸಬೇಕು. ಸಾಧನಗಳನ್ನೋ ವ್ಯವಸ್ಥೆಗಳನ್ನೋ ವಿಶ್ಲೇಷಿಸಿ, ವಿನ್ಯಾಸಗೊಳಿಸಿ, ಕೈಯಾರೆ ತಯಾರಿಸಬೇಕು. ಜೀವಂತ ವ್ಯವಸ್ಥೆಗಳಿಂದ ಅಳತೆಗಳನ್ನು ತೆಗೆದು ಆ ದತ್ತಾಂಶವನ್ನು ಅರ್ಥೈಸಬೇಕು ಎಂಬುದು ಅದರ ತಿರುಳು. ಅಧ್ಯಾಪಕರ ಸಂಖ್ಯೆ ಇಷ್ಟೇ ಇರಬೇಕೆಂದು ಎಬೆಟ್ ನಿಗದಿಪಡಿಸಿಲ್ಲ. ಪಠ್ಯಕ್ರಮದ ಎಲ್ಲ ಭಾಗಗಳನ್ನೂ ನಿಭಾಯಿಸಲು, ವಿದ್ಯಾರ್ಥಿಗಳಿಗೆ ಸಲಹೆ ನೀಡಲು, ಉದ್ಯಮದೊಂದಿಗೆ ಸಂಪರ್ಕವಿಟ್ಟುಕೊಳ್ಳಲು ಸಾಕಾಗುವಷ್ಟು ಜನ ಮತ್ತು ಸಾಮರ್ಥ್ಯ ಇರಬೇಕು ಎಂದಷ್ಟೇ ಹೇಳುತ್ತದೆ. ಸಣ್ಣ ವಿಭಾಗಗಳಿಗೆ ತೊಡಕಾಗುವುದು ‘ಎಲ್ಲ ಭಾಗಗಳನ್ನೂ’ ಎಂಬ ಮಾತೇ. ಜೀವಂತ ವ್ಯವಸ್ಥೆಗಳ ಮೇಲೆ ಅಳತೆ ಮಾಡುವ ಲ್ಯಾಬನ್ನು ಒಬ್ಬರೇ ನಡೆಸುತ್ತಿದ್ದು, ಅವರು ಒಂದು ವರ್ಷ ರಜೆಯಲ್ಲಿ ಹೋದರೆ ಆ ವರ್ಷದ ವಿದ್ಯಾರ್ಥಿಗಳಿಗೆ ಏನು ಉತ್ತರ ಕೊಡುವಿರಿ?

ಆದ್ದರಿಂದ ಈ ಹಂತದ ಫಲಿತಾಂಶ ಸಂಶೋಧನಾ ಕ್ಷೇತ್ರದ ಹೆಸರಾಗಿರಬಾರದು. ‘ಬಯೋಇನ್‌ಸ್ಟ್ರುಮೆಂಟೇಶನ್ (ದೇಹದ ಸಂಕೇತಗಳನ್ನು ಅಳೆಯುವ ಉಪಕರಣಗಳ ವಿಷಯ) ಮತ್ತು ಅದರ ಲ್ಯಾಬ್ ಖಂಡಿತ ಬೇಕು, ಸಂಕೇತ ಸಂಸ್ಕರಣೆ ಅಥವಾ ದೇಹದೊಳಗಿನ ದ್ರವ್ಯ ಮತ್ತು ಶಾಖದ ಸಾಗಣೆ, ಎರಡರಲ್ಲೊಂದು ಬೇಕು, ಮೊದಲ ವರ್ಷದ ಪರಿಚಯ ತರಗತಿಯಲ್ಲಿ ಪಾಲ್ಗೊಳ್ಳಬೇಕು’ ಎಂಬಂಥ ಎರಡು ಮೂರು ವಾಕ್ಯಗಳಲ್ಲಿ ಅದು ಮುಗಿಯಬೇಕು. ಸಂಶೋಧನೆಯ ಕ್ಷೇತ್ರವನ್ನು ಸಾಧ್ಯವಾದಷ್ಟೂ ಅಗಲವಾಗಿ ಬಿಟ್ಟು, ಬೋಧನೆಯ ಅಗತ್ಯವನ್ನು ನಿಖರವಾಗಿ ಹೇಳುವುದು ಸಣ್ಣ ವಿಭಾಗಕ್ಕೆ ಲಾಭದಾಯಕ ಎಂಬುದು ನನ್ನ ಖಚಿತ ಅಭಿಪ್ರಾಯ. ಮೂಳೆಯ ಬಿರುಕುಗಳ ಬಗ್ಗೆ ಸಂಶೋಧಿಸುವವರೂ ಮೆದುಳಿನ ಸಂಕೇತಗಳ ಬಗ್ಗೆ ಸಂಶೋಧಿಸುವವರೂ ಇನ್‌ಸ್ಟ್ರುಮೆಂಟೇಶನ್ ಲ್ಯಾಬನ್ನು ಸಮರ್ಥವಾಗಿ ನಡೆಸಬಲ್ಲರು.

ಹಂತ 2: ಜಾಗ, ಹಣ ಮತ್ತು ಹೊರೆಯ ಲೆಕ್ಕ

ಜಾಹೀರಾತಿಗೆ ಮೊದಲೇ ಡೀನ್ ಅವರೊಂದಿಗೆ ಕುಳಿತು ಲಿಖಿತವಾಗಿ ಇತ್ಯರ್ಥ ಮಾಡಿಕೊಳ್ಳಬೇಕಾದ ಸಂಗತಿಗಳಿವೆ: ಸೆಮಿಸ್ಟರಿಗೆ ಎಷ್ಟು ವಿಷಯಗಳ ಪಾಠ, ಲ್ಯಾಬಿನ ಅವಧಿಯನ್ನು ಹೊರೆಯಲ್ಲಿ ಹೇಗೆ ಎಣಿಸುತ್ತಾರೆ, ಪ್ರಾಜೆಕ್ಟ್ ಮಾರ್ಗದರ್ಶನಕ್ಕೆ ಕ್ರೆಡಿಟ್ ಉಂಟೇ, ಮೊದಲ ವರ್ಷ ಹೊರೆ ಕಡಿಮೆ ಮಾಡುತ್ತಾರೆಯೇ, ಪ್ರಯೋಗಾಲಯ ಕಟ್ಟಿಕೊಳ್ಳಲು ಆರಂಭಿಕ ಅನುದಾನ ಎಷ್ಟು. ಅಭ್ಯರ್ಥಿ ಕೇಳಿದಾಗ ‘ನೋಡೋಣ, ಮಾತನಾಡೋಣ’ ಎನ್ನುವ ವಿಭಾಗವನ್ನು ಒಳ್ಳೆಯ ಅಭ್ಯರ್ಥಿಗಳು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಬಯೋಮೆಡಿಕಲ್ ಸಂಶೋಧನೆಗೆ ಬೇಕಾಗುವ ಸೌಕರ್ಯ ಒಂದೇ ಬಗೆಯದಲ್ಲದ ಕಾರಣ ಹಣದ ಲೆಕ್ಕ ಇಲ್ಲಿ ಬೇರೆ ಎಂಜಿನಿಯರಿಂಗ್ ಶಾಖೆಗಳಿಗಿಂತ ಕಷ್ಟದ್ದು. ಜೀವಕೋಶಗಳನ್ನು ಬೆಳೆಸುವ ಪ್ರಯೋಗಾಲಯವನ್ನೇ ನೋಡಿ. 37 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಶೇ 5ರಷ್ಟು ಇಂಗಾಲದ ಡೈಆಕ್ಸೈಡ್ ಕಾಯ್ದುಕೊಳ್ಳುವ ಇನ್‌ಕ್ಯುಬೇಟರ್, ಸೋಸಿದ ಗಾಳಿಯಲ್ಲಿ ಕೋಶಗಳ ಕೆಲಸ ಮಾಡಲು ಬಳಸುವ, ವರ್ಷಕ್ಕೊಮ್ಮೆಯಾದರೂ ಪರೀಕ್ಷೆಗೊಳಪಡಬೇಕಾದ ಬಯೋಸೇಫ್ಟಿ ಕ್ಯಾಬಿನೆಟ್, ದ್ರವ ಸಾರಜನಕದಲ್ಲಿ ಕೋಶಗಳನ್ನು ಕಾಪಿಡುವ ಪಾತ್ರೆ, ಸೂಕ್ಷ್ಮದರ್ಶಕ, ಹಬೆಯಿಂದ ಸಾಮಗ್ರಿಗಳನ್ನು ಕ್ರಿಮಿಮುಕ್ತಗೊಳಿಸುವ ಆಟೊಕ್ಲೇವ್, ಇವೆಲ್ಲ ಬೇಕು. ಮನುಷ್ಯರ ಕೋಶಗಳನ್ನು ಬಳಸುವುದಾದರೆ ಎರಡನೇ ಹಂತದ ಜೈವಿಕ ಸುರಕ್ಷತೆಯ ನಿಯಮಗಳೂ ಅನ್ವಯಿಸುತ್ತವೆ. ಉಪಕರಣಗಳನ್ನು ಒಮ್ಮೆ ಕೊಂಡರಾಯಿತು. ನಿಜವಾದ ತೊಡಕು ಸಮಯದ್ದು. ಕೋಶಗಳಿಗೆ ಎರಡು ಮೂರು ದಿನಕ್ಕೊಮ್ಮೆ ಪೋಷಕ ದ್ರವವನ್ನು ಬದಲಿಸಲೇಬೇಕು. ಪರೀಕ್ಷೆಯ ವಾರವೆಂದೋ ಸೆಮಿಸ್ಟರ್ ರಜೆಯೆಂದೋ ಅವು ಕಾಯುವುದಿಲ್ಲ. ಪಿಎಚ್‌.ಡಿ. ವಿದ್ಯಾರ್ಥಿಗಳಿರುವ ಕಡೆ ಈ ಪಾಳಿ ತಾನಾಗಿ ನಡೆಯುತ್ತದೆ. ತರಗತಿಗಳ ನಡುವೆ ವಾರಕ್ಕೆ ಆರೆಂಟು ಗಂಟೆ ಬಿಡುವು ಮಾಡಿಕೊಂಡು ಬರುವ ಪದವಿ ವಿದ್ಯಾರ್ಥಿಗಳಿರುವ ಕಡೆ, ಭಾನುವಾರ ಸಂಜೆ ಕ್ಯಾಬಿನೆಟ್ ಮುಂದೆ ಕೂರುವವರು ಅಧ್ಯಾಪಕರೇ. ಹೊಸ ಕೈಗಳು ಹೆಚ್ಚಿದ್ದಷ್ಟೂ ಸೋಂಕಿನ ಭಯವೂ ಹೆಚ್ಚು. ಮೈಕೊಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾದಂಥ ಸೋಂಕು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಕಾಣಿಸುವುದೂ ಇಲ್ಲ, ಪ್ರತ್ಯೇಕ ಪರೀಕ್ಷೆ ಮಾಡಿದಾಗಷ್ಟೇ ಗೊತ್ತಾಗುತ್ತದೆ.

ಇಷ್ಟೆಲ್ಲ ಇದ್ದರೂ ಪದವಿ ವಿದ್ಯಾರ್ಥಿಗಳ ನೆರವಿನಿಂದಲೇ ಕೋಶ ಸಂಶೋಧನೆಯನ್ನು ಯಶಸ್ವಿಯಾಗಿ ನಡೆಸುವವರಿದ್ದಾರೆ, ಆದ್ದರಿಂದ ಅಂಥವರನ್ನು ಆರಂಭದಲ್ಲೇ ಕೈಬಿಡಬಾರದು. ವಿಭಾಗ ಏನನ್ನು ಒದಗಿಸಬಲ್ಲದು ಎಂಬುದು ಮಾತ್ರ ಮೊದಲೇ ಸ್ಪಷ್ಟವಾಗಿರಬೇಕು. ಪ್ರಾಣಿ ಪ್ರಯೋಗಕ್ಕೆ ಅನುಮತಿ ಮತ್ತು ಸೌಲಭ್ಯ ಇದೆಯೇ, ಮನುಷ್ಯರ ಮೇಲಿನ ಅಧ್ಯಯನಗಳನ್ನು ಪರಿಶೀಲಿಸುವ ನೈತಿಕ ಸಮಿತಿ ಎಷ್ಟು ಬಾರಿ ಸಭೆ ಸೇರುತ್ತದೆ, ಹತ್ತಿರದ ಆಸ್ಪತ್ರೆಯೊಂದಿಗೆ ಒಪ್ಪಂದವಿದೆಯೇ, ದುಬಾರಿ ಉಪಕರಣಗಳನ್ನು ಬೇರೆ ವಿಭಾಗಗಳೊಂದಿಗೆ ಹಂಚಿಕೊಳ್ಳಬಹುದೇ, ಲ್ಯಾಬ್ ತಂತ್ರಜ್ಞರು ಇದ್ದಾರೆಯೇ ಎಂಬ ಐದು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡರೆ ಮುಂದಿನ ಹಂತಗಳಲ್ಲಿ ಅರ್ಧ ಗೊಂದಲ ತಪ್ಪುತ್ತದೆ.

ಹಂತ 3: ಜಾಹೀರಾತು ಬರೆಯುವುದು

ಜಾಹೀರಾತಿನ ಮೊದಲ ಪ್ಯಾರಾದಲ್ಲೇ ಈ ವಿಶ್ವವಿದ್ಯಾಲಯ ಪದವಿ ಶಿಕ್ಷಣಕ್ಕೆ ಮೊದಲ ಸ್ಥಾನ ಕೊಡುತ್ತದೆ ಎಂಬುದೂ, ಬೋಧನೆಯ ಹೊರೆ ಎಷ್ಟೆಂಬುದೂ ಸಂಖ್ಯೆಯಲ್ಲಿ ಇರಬೇಕು. ಹೊರೆಯನ್ನು ಮುಚ್ಚಿಟ್ಟರೆ ಅರ್ಜಿಗಳು ಹೆಚ್ಚಬಹುದು, ಆದರೆ ಆ ಹೆಚ್ಚಿದ ಅರ್ಜಿಗಳು ಸಮಿತಿಯ ಸಮಯ ತಿನ್ನುವಂಥವೇ ಆಗಿರುತ್ತವೆ. ವೇತನದ ವ್ಯಾಪ್ತಿಯನ್ನು ಪ್ರಕಟಿಸಲು ಅವಕಾಶವಿದ್ದರೆ ಪ್ರಕಟಿಸಿ. ‘ಅತ್ಯುತ್ತಮ’, ‘ಅಗ್ರಮಾನ್ಯ’, ‘ಕ್ರಿಯಾಶೀಲ’ ಎಂಬ ವಿಶೇಷಣಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಬಾಹ್ಯ ಅನುದಾನದ ನಿರೀಕ್ಷೆಯ ವಿಷಯದಲ್ಲಿ ಜಾಹೀರಾತುಗಳು ಸಾಮಾನ್ಯವಾಗಿ ಅಪ್ರಾಮಾಣಿಕವಾಗಿರುತ್ತವೆ. ಬಡ್ತಿಗೆ ಅನುದಾನ ಕಡ್ಡಾಯವಲ್ಲದಿದ್ದರೆ ಹಾಗೆಂದು ಬರೆಯಬೇಕು. ಕಡ್ಡಾಯವಾಗಿದ್ದರೆ ಯಾವ ಬಗೆಯದು ಸಾಕು ಎಂಬುದನ್ನೂ ಸೂಚಿಸಬೇಕು. ಅಮೆರಿಕದಲ್ಲಿ ಇಂಥ ಸಂಸ್ಥೆಗಳಿಗಾಗಿಯೇ ರೂಪಿಸಿದ ಅನುದಾನದ ದಾರಿಗಳಿವೆ. ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಆರ್‌ಯುಐ ಯೋಜನೆಯಲ್ಲಿ ಪ್ರಸ್ತಾವದ ಜೊತೆಗೆ, ಈ ಸಂಶೋಧನೆಯಿಂದ ಸಂಸ್ಥೆಗೂ ಪದವಿ ವಿದ್ಯಾರ್ಥಿಗಳಿಗೂ ಆಗುವ ಪರಿಣಾಮವನ್ನು ವಿವರಿಸುವ ಪ್ರತ್ಯೇಕ ಹೇಳಿಕೆಯನ್ನು ಸಲ್ಲಿಸಬೇಕಾಗುತ್ತದೆ. ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಆರ್15 ಅನುದಾನ ಪದವಿ ವಿದ್ಯಾರ್ಥಿಗಳನ್ನು ಸಂಶೋಧನೆಯಲ್ಲಿ ತೊಡಗಿಸುವ, ಆ ಸಂಸ್ಥೆಗಳಿಂದ ಹೆಚ್ಚು ಹಣ ಪಡೆಯದ ವಿಶ್ವವಿದ್ಯಾಲಯಗಳಿಗೆ ಮೀಸಲು. ಇವುಗಳ ಬಗ್ಗೆ ಅಭ್ಯರ್ಥಿಗೆ ಗೊತ್ತಿರಬೇಕೆಂದು ನಿರೀಕ್ಷಿಸುವುದಕ್ಕಿಂತ ಜಾಹೀರಾತಿನಲ್ಲೇ ಒಂದು ಸಾಲು ಸೇರಿಸಿದರೆ, ಮುಂದೆ ಬರುವ ಸಂಶೋಧನಾ ಹೇಳಿಕೆಗಳು ಓದಲು ಯೋಗ್ಯವಾಗಿರುತ್ತವೆ.

ಅರ್ಜಿಯೊಂದಿಗೆ ಕೇಳುವ ದಾಖಲೆಗಳು ಕಡಿಮೆಯಿರಲಿ. ಮುಖಪತ್ರ, ಸ್ವವಿವರ, ಎರಡು ಪುಟದ ಬೋಧನಾ ಹೇಳಿಕೆ, ಎರಡು ಪುಟದ ಸಂಶೋಧನಾ ಯೋಜನೆ ಸಾಕು. ಬೋಧನಾ ಹೇಳಿಕೆಯಲ್ಲಿ ‘ನಮ್ಮ ಪಠ್ಯಕ್ರಮದಿಂದ ನೀವು ಪಾಠ ಮಾಡಬಲ್ಲ ಮೂರು ವಿಷಯಗಳನ್ನು ಹೆಸರಿಸಿ, ಒಂದರ ಪಾಠವನ್ನು ಹೇಗೆ ಕಟ್ಟುವಿರಿ ಎಂದು ಬರೆಯಿರಿ’ ಎಂದು ನಿರ್ದಿಷ್ಟವಾಗಿ ಕೇಳಿ. ಹೀಗೆ ಕೇಳದಿದ್ದರೆ ಎಲ್ಲರೂ ಒಂದೇ ಅಚ್ಚಿನಲ್ಲಿ ಬೋಧನಾ ತತ್ತ್ವ ಬರೆದು ಕಳುಹಿಸುತ್ತಾರೆ. ಸಂಶೋಧನಾ ಯೋಜನೆಯಲ್ಲಿ ಪದವಿ ವಿದ್ಯಾರ್ಥಿಗಳ ಪಾತ್ರವನ್ನು ವಿವರಿಸಬೇಕೆಂದೂ ಸೇರಿಸಿ. ಶಿಫಾರಸು ಪತ್ರಗಳನ್ನು ಆರಂಭದಲ್ಲಿ ಕೇಳದೆ ಕಿರುಪಟ್ಟಿಯಲ್ಲಿ ಉಳಿದವರಿಂದ ಮಾತ್ರ ತರಿಸಿಕೊಂಡರೆ ಎಲ್ಲರಿಗೂ ಶ್ರಮ ಉಳಿಯುತ್ತದೆ.

ಹಂತ 4: ಪ್ರಕಟಣೆ ಮತ್ತು ಸಮಯ

ಅಮೆರಿಕದ ವಾಡಿಕೆಯಂತೆ ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ಜಾಹೀರಾತು ಹೊರಬಂದರೆ ಅಕ್ಟೋಬರ್-ನವೆಂಬರಿನಲ್ಲಿ ಅರ್ಜಿಗಳ ಪರಿಶೀಲನೆ, ಮುಂದಿನ ವರ್ಷದ ಆರಂಭದಲ್ಲಿ ಕ್ಯಾಂಪಸ್ ಭೇಟಿ ನಡೆಯುತ್ತವೆ. 1968ರಲ್ಲಿ ಸ್ಥಾಪನೆಯಾದ ಬಯೋಮೆಡಿಕಲ್ ಎಂಜಿನಿಯರಿಂಗ್ ಸೊಸೈಟಿಯ ವಾರ್ಷಿಕ ಸಮ್ಮೇಳನ ಸಾಮಾನ್ಯವಾಗಿ ಅಕ್ಟೋಬರ್ ಸುಮಾರಿಗೆ ಬರುವುದರಿಂದ ಅಲ್ಲಿ ಆಸಕ್ತರನ್ನು ಭೇಟಿಯಾಗುವುದು ಸುಲಭ. ಬೋಧನೆಯಲ್ಲಿ ನಿಜವಾದ ಆಸಕ್ತಿ ಇರುವವರನ್ನು ಹುಡುಕಲು ಅಮೆರಿಕನ್ ಸೊಸೈಟಿ ಫಾರ್ ಎಂಜಿನಿಯರಿಂಗ್ ಎಜುಕೇಶನ್‌ನ ಬಯೋಮೆಡಿಕಲ್ ವಿಭಾಗ ಇನ್ನೂ ಒಳ್ಳೆಯ ಜಾಗ. ಅಲ್ಲಿಗೆ ಬರುವವರು ತರಗತಿಯ ಬಗ್ಗೆ ಪ್ರಬಂಧ ಬರೆದವರೇ ಆಗಿರುತ್ತಾರೆ. ನಿಮ್ಮಲ್ಲೇ ಓದಿ ಪಿಎಚ್‌.ಡಿ.ಗೆ ಹೋದ ಹಳೆಯ ವಿದ್ಯಾರ್ಥಿಗಳಿಗೂ ಜಾಹೀರಾತು ಕಳುಹಿಸಿ. ಅವರೇ ಅರ್ಜಿ ಹಾಕದಿದ್ದರೂ, ತಮ್ಮ ಪ್ರಯೋಗಾಲಯದಲ್ಲಿ ಕಿರಿಯರಿಗೆ ತಾಳ್ಮೆಯಿಂದ ಹೇಳಿಕೊಡುವವರು ಯಾರು ಎಂಬುದು ಅವರಿಗೆ ಗೊತ್ತಿರುತ್ತದೆ.

ಹಂತ 5: ಅರ್ಜಿಗಳನ್ನು ಓದುವುದು

ಮೊದಲ ಅರ್ಜಿಯನ್ನು ತೆರೆಯುವ ಮುನ್ನವೇ ಮಾನದಂಡಗಳನ್ನೂ ಅವುಗಳ ತೂಕವನ್ನೂ ಬರೆದು ಸಮಿತಿಯ ಎಲ್ಲರೂ ಒಪ್ಪಿಕೊಳ್ಳಬೇಕು. ಇದು ಕಚೇರಿಯ ಔಪಚಾರಿಕತೆ ಎಂದು ತೋರಬಹುದು, ಆದರೆ ಇದರ ಹಿಂದೆ ಗಟ್ಟಿಯಾದ ಕಾರಣವಿದೆ. ಎರಿಕ್ ಉಲ್‌ಮನ್ ಮತ್ತು ಜೆಫ್ರಿ ಕೊಹೆನ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೊಲೀಸ್ ಮುಖ್ಯಸ್ಥರ ಹುದ್ದೆಗೆ ಗಂಡಸೊಬ್ಬನನ್ನೂ ಹೆಂಗಸೊಬ್ಬಳನ್ನೂ ತೂಗಿನೋಡಿದವರು ಗಂಡು ಅಭ್ಯರ್ಥಿಯಲ್ಲಿ ಯಾವ ಗುಣವಿತ್ತೋ ಅದೇ ಆ ಹುದ್ದೆಗೆ ಮುಖ್ಯವಾದ ಗುಣ ಎಂದು ತಮಗರಿವಿಲ್ಲದೆ ಮಾನದಂಡವನ್ನೇ ಹೊಂದಿಸಿಕೊಂಡಿದ್ದರು. ಮಾನದಂಡಗಳಿಗೆ ಮೊದಲೇ ಬದ್ಧರಾದಾಗ ಈ ತಾರತಮ್ಯ ಕಾಣಿಸಲಿಲ್ಲ. 2012ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 127 ವಿಜ್ಞಾನ ಅಧ್ಯಾಪಕರಿಗೆ ಪ್ರಯೋಗಾಲಯ ವ್ಯವಸ್ಥಾಪಕರ ಹುದ್ದೆಯ ಒಂದೇ ಅರ್ಜಿಯನ್ನು ಕೆಲವರಿಗೆ ಗಂಡಿನ ಹೆಸರಿನಲ್ಲಿ, ಕೆಲವರಿಗೆ ಹೆಣ್ಣಿನ ಹೆಸರಿನಲ್ಲಿ ಕೊಡಲಾಗಿತ್ತು. ಗಂಡಿನ ಹೆಸರಿದ್ದ ಅರ್ಜಿಗೆ ಹೆಚ್ಚಿನ ಸಾಮರ್ಥ್ಯದ ಅಂಕವೂ ಹೆಚ್ಚಿನ ಸಂಬಳದ ಸೂಚನೆಯೂ ದೊರೆತವು. ಹಾಗೆ ಅಂಕ ಕೊಟ್ಟವರಲ್ಲಿ ಮಹಿಳಾ ಅಧ್ಯಾಪಕರೂ ಇದ್ದರು.

ನಮ್ಮ ಸಂದರ್ಭದಲ್ಲಿ ಇನ್ನೊಂದು ಬಗೆಯ ಜಾರುವಿಕೆಯೂ ಇದೆ. ಬೋಧನೆಯೇ ಮುಖ್ಯ ಎಂದು ಸಭೆಯಲ್ಲಿ ಒಪ್ಪಿಕೊಂಡ ಸಮಿತಿಯೇ, ಹೆಸರಾಂತ ಪ್ರಯೋಗಾಲಯದ ಹೆಸರೂ ದೊಡ್ಡ ನಿಯತಕಾಲಿಕೆಯ ಪ್ರಬಂಧವೂ ಇರುವ ಅರ್ಜಿಯನ್ನು ಕಂಡೊಡನೆ ‘ಪಾಠ ಮಾಡುವುದನ್ನು ಕಲಿತುಕೊಳ್ಳುತ್ತಾರೆ ಬಿಡಿ’ ಎನ್ನುತ್ತದೆ. ಸಂಶೋಧನೆಯನ್ನು ಕಲಿತುಕೊಳ್ಳುತ್ತಾರೆ ಬಿಡಿ ಎಂದು ಯಾರೂ ಯಾರ ಬಗ್ಗೆಯೂ ಹೇಳಿದ್ದನ್ನು ನಾನು ಕೇಳಿಲ್ಲ. ಮಾನದಂಡಗಳ ಹಾಳೆಯಲ್ಲಿ ಬೋಧನೆಗೆ ಕೊಟ್ಟ ತೂಕವನ್ನು ಆ ಕ್ಷಣದಲ್ಲಿ ಗಟ್ಟಿಯಾಗಿ ಓದಿ ಹೇಳುವುದು ಸಮಿತಿಯ ಅಧ್ಯಕ್ಷರ ಕೆಲಸ.

ಪ್ರತಿ ಅರ್ಜಿಯನ್ನು ಕನಿಷ್ಠ ಇಬ್ಬರು ಪ್ರತ್ಯೇಕವಾಗಿ ಓದಿ, ಅಂಕ ಕೊಟ್ಟ ಮೇಲಷ್ಟೇ ಚರ್ಚೆಗೆ ಕೂರಬೇಕು. ಬೋಧನೆಯ ಪುರಾವೆಯನ್ನು ಎಲ್ಲಿ ಹುಡುಕಬೇಕು ಎಂಬುದಕ್ಕೂ ಸ್ವಲ್ಪ ಕಲ್ಪನೆ ಬೇಕು. ಪೂರ್ಣ ವಿಷಯವೊಂದನ್ನು ಸ್ವತಂತ್ರವಾಗಿ ಪಾಠ ಮಾಡುವ ಅವಕಾಶ ಎಲ್ಲ ಪೋಸ್ಟ್‌ಡಾಕ್‌ಗಳಿಗೂ ಸಿಗುವುದಿಲ್ಲ. ಅದಿಲ್ಲವೆಂಬ ಕಾರಣಕ್ಕೆ ತಳ್ಳಿಹಾಕಿದರೆ ಒಳ್ಳೆಯವರನ್ನು ಕಳೆದುಕೊಳ್ಳಬಹುದು. ಬೇಸಿಗೆ ರಜೆಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಿ ಅವರ ಹೆಸರನ್ನೂ ಪ್ರಬಂಧಕ್ಕೆ ಸೇರಿಸಿದ್ದಾರೆಯೇ, ಲ್ಯಾಬ್ ಕೈಪಿಡಿಯೊಂದನ್ನು ಹೊಸದಾಗಿ ಬರೆದಿದ್ದಾರೆಯೇ, ಬೋಧನೆಯ ತರಬೇತಿಗೆ ತಾವಾಗಿ ಸೇರಿದ್ದಾರೆಯೇ, ಉದ್ಯಮದಲ್ಲಿ ವೈದ್ಯಕೀಯ ಸಾಧನಗಳ ವಿನ್ಯಾಸ ಮಾಡಿ ಹೊಸಬರಿಗೆ ತರಬೇತಿ ಕೊಟ್ಟಿದ್ದಾರೆಯೇ ಎಂಬಂಥ ಸೂಚನೆಗಳಿಗೂ ಬೆಲೆಯಿದೆ. ಸಾಧನಗಳ ವಿನ್ಯಾಸ, ಅಪಾಯ ವಿಶ್ಲೇಷಣೆ, ನಿಯಂತ್ರಕ ಸಂಸ್ಥೆಗಳ ಅನುಮೋದನೆ ಇವನ್ನು ಕಂಡು ಬಂದವರು ಅಂತಿಮ ವರ್ಷದ ಪ್ರಾಜೆಕ್ಟಿಗೆ ಎಷ್ಟು ಉಪಯುಕ್ತ ಎಂಬುದನ್ನು ವಿಭಾಗಗಳು ತಡವಾಗಿ ಅರಿಯುತ್ತವೆ.

ಹಂತ 6: ವಿಡಿಯೊ ಸಂದರ್ಶನ

ಹತ್ತು ಹನ್ನೆರಡು ಮಂದಿಯೊಂದಿಗೆ ಅರ್ಧ ಗಂಟೆಯ ವಿಡಿಯೊ ಸಂದರ್ಶನ ನಡೆಸಿದರೆ ಸಾಕು. ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಒಂದೇ ಕ್ರಮದಲ್ಲಿ ಕೇಳಬೇಕು, ಪ್ರಶ್ನೆಗಳನ್ನು ಒಂದೆರಡು ದಿನ ಮುಂಚೆಯೇ ಕಳುಹಿಸಿದರೆ ಇನ್ನೂ ಒಳ್ಳೆಯದು. ಥಟ್ಟನೆ ಉತ್ತರ ಹೊಳೆಯುವ ಚುರುಕುತನವನ್ನು ಪರೀಕ್ಷಿಸುವ ಅಗತ್ಯ ಇಲ್ಲಿಲ್ಲ. ಮದುವೆ, ಮಕ್ಕಳು, ಸಂಗಾತಿಯ ಉದ್ಯೋಗ ಇವುಗಳ ಬಗ್ಗೆ ಹರಟೆಯ ನೆಪದಲ್ಲೂ ಕೇಳಬಾರದು.

ಈ ಸಂದರ್ಶನದಲ್ಲಿ ಒಂದೇ ಪ್ರಶ್ನೆಗೆ ಅವಕಾಶವಿದ್ದರೆ ನಾನು ಕೇಳುವುದು ಇದು: ‘ಸರ್ಕ್ಯೂಟ್ ಮತ್ತು ಪ್ರೋಗ್ರಾಮಿಂಗ್‌ನ ಮೊದಲ ಪಾಠಗಳನ್ನಷ್ಟೇ ಮುಗಿಸಿದ ಎರಡನೇ ವರ್ಷದ ವಿದ್ಯಾರ್ಥಿ ಬೇಸಿಗೆಯ ಹತ್ತು ವಾರ ನಿಮ್ಮ ಪ್ರಯೋಗಾಲಯಕ್ಕೆ ಬಂದರೆ, ಮೊದಲ ವಾರ ಏನು ಮಾಡುತ್ತಾರೆ, ಹತ್ತನೇ ವಾರದ ಕೊನೆಗೆ ಅವರ ಕೈಯಲ್ಲಿ ಏನಿರುತ್ತದೆ?’ ಇದಕ್ಕೆ ದೊರೆಯುವ ಉತ್ತರಗಳಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಕೆಲವರು ‘ಅವರು ನಮ್ಮ ಸಂಶೋಧನೆಗೆ ನೆರವಾಗುತ್ತಾರೆ’ ಎಂದು ನಿಲ್ಲಿಸುತ್ತಾರೆ. ಟ್ಯೂಬ್ ತೊಳೆಯುವುದು, ದತ್ತಾಂಶ ನಮೂದಿಸುವುದು ಅವರ ಮನಸ್ಸಿನಲ್ಲಿರುವ ಚಿತ್ರ. ಯೋಚಿಸಿ ಬಂದವರ ಉತ್ತರ ಬೇರೆಯಾಗಿರುತ್ತದೆ. ಹೃದಯದ ಲಯದ ಬಗ್ಗೆ ಕೆಲಸ ಮಾಡುವ ಅಭ್ಯರ್ಥಿಯೊಬ್ಬರು ಹೀಗೆ ಹೇಳಬಹುದು: ಫಿಸಿಯೊನೆಟ್ ತಾಣದಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯುವ ಎಂಐಟಿ-ಬಿಐಎಚ್ ಸಂಗ್ರಹದಲ್ಲಿ 47 ಜನರಿಂದ ತೆಗೆದ ಅರ್ಧ ಗಂಟೆಯ 48 ಇಸಿಜಿ ದಾಖಲೆಗಳಿವೆ, ಪ್ರತಿ ಬಡಿತಕ್ಕೂ ತಜ್ಞರು ಗುರುತು ಹಾಕಿದ್ದಾರೆ, ವಿದ್ಯಾರ್ಥಿ ಮೊದಲ ಎರಡು ವಾರಗಳಲ್ಲಿ ಬಡಿತಗಳನ್ನು ಪತ್ತೆಹಚ್ಚುವ, 1985ರಿಂದ ಬಳಕೆಯಲ್ಲಿರುವ ಪ್ಯಾನ್-ಟಾಂಪ್ಕಿನ್ಸ್ ವಿಧಾನವನ್ನು ತಾವೇ ಬರೆದು ಈ ದಾಖಲೆಗಳ ಮೇಲೆ ಪರೀಕ್ಷಿಸುತ್ತಾರೆ, ಅದು ಎಲ್ಲಿ ಸೋಲುತ್ತದೆ ಎಂಬುದನ್ನು ಪಟ್ಟಿ ಮಾಡುತ್ತಾರೆ, ಆಮೇಲೆ ನಾವು ಕಟ್ಟಿದ ಧರಿಸಬಹುದಾದ ಸಂವೇದಕದ ಸಂಕೇತಕ್ಕೆ ಅದನ್ನು ಹೊಂದಿಸುತ್ತಾರೆ. ಇಷ್ಟು ವಿವರ ಕೊಡುವವರು ಪದವಿ ವಿದ್ಯಾರ್ಥಿಯನ್ನು ಸಹೋದ್ಯೋಗಿಯಂತೆ ಕಂಡಿದ್ದಾರೆ ಎಂದು ಧೈರ್ಯವಾಗಿ ಭಾವಿಸಬಹುದು. ಕೋಶ ಸಂಶೋಧಕರಿಂದಲೂ ಇಷ್ಟೇ ಸ್ಪಷ್ಟತೆಯನ್ನು ನಿರೀಕ್ಷಿಸಬೇಕು: ವಿದ್ಯಾರ್ಥಿ ಯಾವ ವಾರ ಸ್ವತಂತ್ರವಾಗಿ ಕ್ಯಾಬಿನೆಟ್ ಬಳಸುತ್ತಾರೆ, ಅದುವರೆಗೆ ಏನು ಕಲಿಯುತ್ತಾರೆ, ಕೋಶಗಳು ಸತ್ತರೆ ಅವರ ಬೇಸಿಗೆ ವ್ಯರ್ಥವಾಗದಂತೆ ಪರ್ಯಾಯವೇನು.

ಹಂತ 7: ಕ್ಯಾಂಪಸ್ ಭೇಟಿ

ಮೂವರನ್ನು ಕರೆಸಿದರೆ ಸಾಕು. ಭೇಟಿಯ ದಿನದಲ್ಲಿ ಸಂಶೋಧನಾ ಉಪನ್ಯಾಸಕ್ಕಿಂತ ಮಾದರಿ ಪಾಠಕ್ಕೆ ಒಳ್ಳೆಯ ಹೊತ್ತನ್ನು ಮೀಸಲಿಡಬೇಕು. ಅಧ್ಯಾಪಕರೇ ವಿದ್ಯಾರ್ಥಿಗಳಂತೆ ಕೂತು ನೋಡುವ ಮಾದರಿ ಪಾಠದಿಂದ ಪ್ರಯೋಜನವಿಲ್ಲ. ನಿಜವಾದ ತರಗತಿ, ನಡೆಯುತ್ತಿರುವ ಪಠ್ಯದ ನಿಜವಾದ ಭಾಗ ಬೇಕು. ಎಲ್ಲ ಅಭ್ಯರ್ಥಿಗಳಿಗೂ ಒಂದೇ ವಿಷಯವನ್ನು ಒಂದು ವಾರ ಮುಂಚೆ ಕೊಟ್ಟು, ವಿದ್ಯಾರ್ಥಿಗಳಿಗೆ ಇದುವರೆಗೆ ಏನೇನು ಗೊತ್ತಿದೆ ಎಂಬ ಟಿಪ್ಪಣಿಯನ್ನೂ ಕಳುಹಿಸಬೇಕು. ಒಂದೇ ತರಗತಿಗೆ ಅದೇ ಪಾಠವನ್ನು ಮೂರು ಸಲ ಮಾಡಿಸಲಾಗದು ಎಂಬುದು ನಿಜ, ಆದ್ದರಿಂದ ಬೇರೆ ಬೇರೆ ತಂಡಗಳನ್ನು ಬಳಸಬಹುದು, ಇಲ್ಲವೇ ಒಂದೇ ಅಧ್ಯಾಯದ ಸಮಾನ ಕಷ್ಟದ ಮೂರು ಭಾಗಗಳನ್ನು ಹಂಚಬಹುದು.

ಇಸಿಜಿ ಅಳೆಯಲು ಇನ್‌ಸ್ಟ್ರುಮೆಂಟೇಶನ್ ಆಂಪ್ಲಿಫೈಯರ್ ಏಕೆ ಬೇಕು ಎಂಬುದು ಇಂಥ ಪಾಠಕ್ಕೆ ಚೆನ್ನಾಗಿ ಒಗ್ಗುವ ವಿಷಯ. ಚರ್ಮದ ಮೇಲೆ ಸಿಗುವ ಹೃದಯದ ಸಂಕೇತ ಸುಮಾರು ಒಂದು ಮಿಲಿವೋಲ್ಟ್ ಮಾತ್ರ. ಅದರ ಮೇಲೆ ಗೋಡೆಯ ವಿದ್ಯುತ್ ತಂತಿಗಳಿಂದ 50 ಅಥವಾ 60 ಹರ್ಟ್ಸ್ ಗದ್ದಲ ಎಷ್ಟೋ ಪಟ್ಟು ದೊಡ್ಡದಾಗಿ ಕೂತಿರುತ್ತದೆ. ಎರಡು ಎಲೆಕ್ಟ್ರೋಡುಗಳಲ್ಲೂ ಆ ಗದ್ದಲ ಬಹುತೇಕ ಒಂದೇ ರೀತಿ ಇರುವುದರಿಂದ, ವ್ಯತ್ಯಾಸವನ್ನು ಮಾತ್ರ ಹಿಗ್ಗಿಸಿದರೆ ಗದ್ದಲ ಕಳೆದು ಸಂಕೇತ ಉಳಿಯುತ್ತದೆ. ಇಷ್ಟನ್ನು ಹಲಗೆಯ ಮೇಲೆ ಸೂತ್ರವಾಗಿ ಬರೆದು ಮುಗಿಸುವವರಿದ್ದಾರೆ. ಮೊದಲು ಗದ್ದಲ ತುಂಬಿದ ನಿಜವಾದ ಸಂಕೇತವನ್ನು ತೋರಿಸಿ, ‘ಇದರಲ್ಲಿ ಹೃದಯ ಎಲ್ಲಿದೆ’ ಎಂದು ಕೇಳಿ, ಪಕ್ಕದವರೊಂದಿಗೆ ಚರ್ಚಿಸಲು ಬಿಟ್ಟು, ತಪ್ಪು ಉತ್ತರವೊಂದನ್ನು ಹಿಡಿದು ಅದೇಕೆ ಸಹಜವಾದ ತಪ್ಪು ಎಂದು ವಿವರಿಸುತ್ತ ಸೂತ್ರಕ್ಕೆ ಬರುವವರೂ ಇದ್ದಾರೆ. ವಿಜ್ಞಾನ ಮತ್ತು ಎಂಜಿನಿಯರಿಂಗ್ ತರಗತಿಗಳ ಬಗ್ಗೆ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ವಿದ್ಯಾರ್ಥಿಗಳನ್ನು ಹೀಗೆ ತೊಡಗಿಸುವ ತರಗತಿಗಳಿಗಿಂತ ಬರೀ ಉಪನ್ಯಾಸದ ತರಗತಿಗಳಲ್ಲಿ ನಪಾಸಾಗುವ ಸಾಧ್ಯತೆ ಒಂದೂವರೆ ಪಟ್ಟು. ಆದ್ದರಿಂದ ಇದನ್ನು ಶೈಲಿಯ ಪ್ರಶ್ನೆಯೆಂದು ಬದಿಗಿಡಲಾಗದು.

ಪಾಠ ನೋಡುವವರು ಗಮನಿಸಬೇಕಾದ ಚಿಕ್ಕ ಸಂಗತಿಯೊಂದಿದೆ. ಪ್ರಶ್ನೆ ಕೇಳಿದ ಮೇಲೆ ಅಭ್ಯರ್ಥಿ ಎಷ್ಟು ಹೊತ್ತು ಕಾಯುತ್ತಾರೆ? ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದರೆ ಉತ್ತರಗಳು ಉದ್ದವಾಗುತ್ತವೆ, ಉತ್ತರಿಸುವವರ ಸಂಖ್ಯೆಯೂ ಹೆಚ್ಚುತ್ತದೆ ಎಂದು ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಅಪರಿಚಿತ ತರಗತಿಯ ಮುಂದೆ, ಆಯ್ಕೆ ಸಮಿತಿ ಹಿಂದಿನ ಬೆಂಚಿನಲ್ಲಿ ಕೂತಿರುವಾಗ, ಮೂರು ಸೆಕೆಂಡು ಸುಮ್ಮನೆ ನಿಲ್ಲುವುದು ಸುಲಭವಲ್ಲ. ನಿಲ್ಲಬಲ್ಲವರಿಗೆ ಸಾಮಾನ್ಯವಾಗಿ ತರಗತಿಯ ಅನುಭವವಿರುತ್ತದೆ.

ಸಂಶೋಧನಾ ಉಪನ್ಯಾಸವನ್ನೂ ಪದವಿ ವಿದ್ಯಾರ್ಥಿಗಳಿಗೆ ಅರ್ಥವಾಗುವಂತೆ ಮಾಡಬೇಕೆಂದು ಮೊದಲೇ ತಿಳಿಸಿ. ಊಟದ ಹೊತ್ತನ್ನು ಅಧ್ಯಾಪಕರಿಲ್ಲದೆ ವಿದ್ಯಾರ್ಥಿಗಳೊಂದಿಗೆ ಕಳೆಯಲು ಬಿಡಿ, ಆಮೇಲೆ ವಿದ್ಯಾರ್ಥಿಗಳ ಅಭಿಪ್ರಾಯವನ್ನು ಬರಹದಲ್ಲಿ ಪಡೆಯಿರಿ. ‘ಇಷ್ಟವಾಯಿತೇ’ ಎಂಬ ಪ್ರಶ್ನೆ ಬೇಡ. ‘ಅವರು ನಿಮ್ಮನ್ನು ಏನು ಕೇಳಿದರು’ ಎಂದು ಕೇಳಿ. ಲ್ಯಾಬ್ ತಂತ್ರಜ್ಞರೊಂದಿಗೂ ಅರ್ಧ ಗಂಟೆ ಇರಲಿ. ಮುಂದೆ ಹೊಸ ಅಧ್ಯಾಪಕರ ಪ್ರಯೋಗಗಳು ನಡೆಯಬೇಕಾದದ್ದು ಅವರ ನೆರವಿನಿಂದ, ಮತ್ತು ಅವರನ್ನು ಅಭ್ಯರ್ಥಿ ಹೇಗೆ ಮಾತನಾಡಿಸುತ್ತಾರೆ ಎಂಬುದು ಬೇರೆ ಯಾವ ಸಂದರ್ಶನದಲ್ಲೂ ಗೊತ್ತಾಗದ ಸಂಗತಿ. ಖಾಲಿಯಿರುವ ಪ್ರಯೋಗಾಲಯದ ಕೋಣೆಯನ್ನು ತೋರಿಸುವಾಗ ಅದು ಇರುವಂತೆಯೇ ತೋರಿಸಿ, ನೀರಿನ ಕೊಳಾಯಿ ಇಲ್ಲದಿದ್ದರೆ ಇಲ್ಲವೆನ್ನಿ.

ಹಂತ 8: ನಿರ್ಧಾರ ಮತ್ತು ನೇಮಕಾತಿ ಪತ್ರ

ಕೊನೆಯ ಭೇಟಿ ಮುಗಿದ ಒಂದು ವಾರದೊಳಗೆ ಸಮಿತಿ ಸಭೆ ಸೇರಬೇಕು. ಮೊದಲೇ ಬರೆದಿಟ್ಟ ಮಾನದಂಡಗಳಿಗೆ ಪ್ರತಿಯಾಗಿ ಪ್ರತಿಯೊಬ್ಬ ಅಭ್ಯರ್ಥಿಯ ಬಲ ಮತ್ತು ಕೊರತೆಯನ್ನು ಬರೆಯುವುದು, ಒಂದು ಎರಡು ಮೂರು ಎಂದು ಸ್ಥಾನ ಕೊಡುವುದಕ್ಕಿಂತ ಉಪಯುಕ್ತ. ‘ನಮಗೆ ಹೊಂದಿಕೊಳ್ಳುತ್ತಾರೆ’ ಎಂಬ ಮಾತು ಬಂದಾಗ ಯಾವ ಕೆಲಸಕ್ಕೆ, ಯಾವ ಪುರಾವೆಯಿಂದ ಎಂದು ಕೇಳಬೇಕು. ಉತ್ತರವಿಲ್ಲದಿದ್ದರೆ ಆ ಮಾತಿಗೆ ‘ನಮ್ಮಂತೆಯೇ ಇದ್ದಾರೆ’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿರುವುದಿಲ್ಲ.

ನೇಮಕಾತಿ ಪತ್ರದಲ್ಲಿ ಸಂಬಳದ ಜೊತೆಗೆ ಮೊದಲ ಎರಡು ವರ್ಷ ಪಾಠ ಮಾಡಬೇಕಾದ ವಿಷಯಗಳ ಹೆಸರು, ಆರಂಭಿಕ ಅನುದಾನದ ಮೊತ್ತ ಮತ್ತು ಅದನ್ನು ಖರ್ಚು ಮಾಡಲು ಇರುವ ಅವಧಿ, ಪ್ರಯೋಗಾಲಯದ ಕೋಣೆ, ಅದರ ದುರಸ್ತಿ ಮುಗಿಯುವ ದಿನಾಂಕ, ಬೇಸಿಗೆಯಲ್ಲಿ ವಿದ್ಯಾರ್ಥಿಗಳಿಗೆ ಕೊಡುವ ಭತ್ಯೆ ಯಾರ ಲೆಕ್ಕದಿಂದ ಎಂಬುದೂ ಇರಲಿ. ಉಪಕರಣ ಕೊಳ್ಳಲು ಹಣ ಕೊಟ್ಟು ಅವುಗಳ ವಾರ್ಷಿಕ ನಿರ್ವಹಣೆಯನ್ನು ಮರೆಯುವುದು ಬಹಳ ಸಾಮಾನ್ಯ. ಇನ್‌ಕ್ಯುಬೇಟರಿಗೆ ಅನಿಲ, ಕ್ಯಾಬಿನೆಟ್ ಪರೀಕ್ಷೆ, ತಂತ್ರಾಂಶದ ಪರವಾನಗಿ, ಇವು ಅನುದಾನ ಮುಗಿದ ಮೇಲೂ ಬರುವ ಖರ್ಚುಗಳು. ಉತ್ತರಿಸಲು ಎರಡು ವಾರವಾದರೂ ಕಾಲಾವಕಾಶ ಕೊಡಿ. ಉಳಿದ ಅಭ್ಯರ್ಥಿಗಳಿಗೆ ನಿರ್ಧಾರವನ್ನು ತಿಳಿಸುವುದನ್ನು ಮರೆಯಬೇಡಿ. ಈ ಕ್ಷೇತ್ರ ಚಿಕ್ಕದು, ಅವರ ವಿದ್ಯಾರ್ಥಿಗಳು ಮುಂದೆ ನಿಮ್ಮಲ್ಲಿಗೆ ಅರ್ಜಿ ಹಾಕಬಹುದು.

ಹಂತ 9: ಮೊದಲ ವರ್ಷ

ಮೊದಲ ಸೆಮಿಸ್ಟರಿನಲ್ಲಿ ಒಂದೇ ಹೊಸ ವಿಷಯವಿರಲಿ, ಎರಡನೆಯ ವಿಷಯವನ್ನು ಹಿಂದೆ ಪಾಠ ಮಾಡಿದವರ ಟಿಪ್ಪಣಿ, ಪ್ರಶ್ನೆಪತ್ರಿಕೆ, ಲ್ಯಾಬ್ ಕೈಪಿಡಿ ಸಹಿತ ಒಪ್ಪಿಸಿ. ಸಾಧ್ಯವಾದರೆ ಎರಡನೇ ವರ್ಷವೂ ಅವೇ ವಿಷಯಗಳನ್ನು ಕೊಡಿ, ಏಕೆಂದರೆ ಪಾಠ ಹದಕ್ಕೆ ಬರುವುದು ಎರಡನೇ ಸಲ ಮಾಡುವಾಗ. ಸಮಿತಿಗಳ ಕೆಲಸ ಮೊದಲ ವರ್ಷ ಬೇಡ. ಮಾರ್ಗದರ್ಶನಕ್ಕೆ ನೇಮಿಸುವ ಹಿರಿಯರು ಬಡ್ತಿಯ ಮೌಲ್ಯಮಾಪನದಲ್ಲಿ ಮತ ಹಾಕದವರಾಗಿದ್ದರೆ ಹೊಸಬರು ಕಷ್ಟಗಳನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಾರೆ. ಸಣ್ಣ ವಿಭಾಗದಲ್ಲಿ ಅಂಥವರು ಸಿಗದಿದ್ದರೆ ಮೆಕ್ಯಾನಿಕಲ್ ಅಥವಾ ಜೀವವಿಜ್ಞಾನ ವಿಭಾಗದಿಂದ ಒಬ್ಬರನ್ನು ಕೇಳಿಕೊಳ್ಳಬಹುದು. ಬಡ್ತಿಯ ನಿಯಮಗಳಲ್ಲಿ ಪದವಿ ವಿದ್ಯಾರ್ಥಿಗಳು ಸಹಲೇಖಕರಾಗಿರುವ ಪ್ರಬಂಧಗಳಿಗೆ ಯಾವ ಬೆಲೆಯಿದೆ ಎಂಬುದನ್ನು ಮೊದಲ ತಿಂಗಳಲ್ಲೇ ಲಿಖಿತವಾಗಿ ಕೊಟ್ಟು, ಪ್ರಯೋಗಾಲಯದ ಖರೀದಿ ಆದೇಶಗಳನ್ನು ಅವರು ಕೆಲಸಕ್ಕೆ ಸೇರುವ ಮುನ್ನವೇ ಹೊರಡಿಸಲು ಲೆಕ್ಕಪತ್ರ ಕಚೇರಿಯ ಒಪ್ಪಿಗೆ ಪಡೆದಿಡಿ. ಬಯೋಸೇಫ್ಟಿ ಕ್ಯಾಬಿನೆಟ್ಟಿನಂಥವು ಬಂದು, ಅಳವಡಿಕೆಯಾಗಿ, ಪರೀಕ್ಷೆಗೊಳಪಟ್ಟು ಬಳಕೆಗೆ ಸಿದ್ಧವಾಗಲು ತಿಂಗಳುಗಳೇ ಹಿಡಿಯುತ್ತವೆ, ಮತ್ತು ಮೊದಲ ಬೇಸಿಗೆಯ ವಿದ್ಯಾರ್ಥಿಗಳನ್ನು ಆರಿಸುವ ಹೊತ್ತಿಗೆ ಅವು ಕೋಣೆಯಲ್ಲಿರಬೇಕು.